ಒಡೆಯದ ಸಂಖ್ಯೆ

ಗಣಿತದ ಮೇಷ್ಟ್ರು ಮೇಜಿನ ಮೇಲೆ ತಲೆಯಿಟ್ಟೇ ಸತ್ತಿದ್ದರು. ಪಕ್ಕದಲ್ಲಿ ಹಾಲು ಕುಡಿದ ಲೋಟ, ನಿದ್ರೆ ಮಾತ್ರೆಯ ಖಾಲಿ ಡಬ್ಬಿ. ಟೈಪ್ ಮಾಡಿದ ಒಂದು ಹಾಳೆ:

‘10002200067. ಒಂಬತ್ತು ವರ್ಷ ಹೆಣಗಿದೆ. ಈ ಸಂಖ್ಯೆ ಒಡೆಯಲಿಲ್ಲ. ಸೋತೆ.’

ಸಹಿ ಇರಲಿಲ್ಲ.

“ಬೆಳಿಗ್ಗೆ ಬಾಗಿಲು ತಟ್ಟಿದೆ ಮೇಡಂ, ಏಳಲೇ ಇಲ್ಲ,” ಎಂದ ಮೇಷ್ಟ್ರ ಭಾವಮೈದ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತನಾದವನು. ಅಕ್ಕ ಸತ್ತ ಮೇಲೂ ಭಾವನ ಜೊತೆಗೇ ಇದ್ದ. “ನಿನ್ನೆ ಸಂಜೆ ಅವರ ಶಿಷ್ಯ ಬಂದಿದ್ದ. ಜೋರು ಜಗಳ ಆಯ್ತು.”

ಇನ್ಸ್‌ಪೆಕ್ಟರ್ ಮೇಷ್ಟ್ರ ನೋಟ್‌ಬುಕ್ ಎತ್ತಿಕೊಂಡಳು. ಪುಟಪುಟವೂ ಕೈಲೆಕ್ಕದ ಭಾಗಾಕಾರ. ಬರೆದ ಕೊನೆಯ ಹಾಳೆಯನ್ನು ಯಾರೋ ಹರಿದು ತೆಗೆದಿದ್ದರು.

* * *

ಶಿಷ್ಯ ಈಗ ಕಾಲೇಜಿನಲ್ಲಿ ಲೆಕ್ಚರರ್. ಸ್ಟಾಫ್ ರೂಮಿನಲ್ಲಿ ಕುಸಿದು ಕೂತಿದ್ದ.

“ಯಾವೆರಡು ಸಂಖ್ಯೆ ಗುಣಿಸಿದ್ರೆ ಅದು ಬರುತ್ತೆ ಅಂತ ಕಂಪ್ಯೂಟರಿಗೆ ಹಾಕಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಉತ್ತರ ಸಿಗುತ್ತೆ ಅಂದೆ. ಅದಕ್ಕೇ ಬೈದ್ರು. ಅಷ್ಟೇ ಜಗಳ.”

ಅವಳು ಪತ್ರ ತೋರಿಸಿದಳು. ಅವನ ಹುಬ್ಬು ಗಂಟಾಯಿತು.

“ಇದು ಮೇಷ್ಟ್ರು ಬರೆದದ್ದಲ್ಲ. ಸಂಖ್ಯೆಯೇ ತಪ್ಪು, ಅಂಕಿ ಕೂಡಿ ನೋಡಿ.”

“ಹದಿನೆಂಟು.”

“ಅಂದ್ರೆ ಒಂಬತ್ತರಿಂದ ಭಾಗ ಹೋಗುತ್ತೆ. ಇದು ಒಡೆಯಲಿಲ್ಲ ಅಂತ ಅವರು ಬರೀತಾರಾ?”

ಅವಳು ಹೊರಟಾಗ ಅವನು ಇನ್ನೊಂದು ಮಾತು ಹೇಳಿದ. ಅವಳು ಬಹಳ ಹೊತ್ತು ಜೀಪು ಹತ್ತಲಿಲ್ಲ.

* * *

ಭಾವಮೈದನ ಮುಂದೆ ನೋಟ್‌ಬುಕ್ ಬಿಚ್ಚಿಟ್ಟಳು.

“ಇಲ್ಲಿರೋದು 10002200057. ಮೇಷ್ಟ್ರ ಐದರ ಸುಳಿ ಮುಚ್ಚಿಕೊಂಡು ಆರರ ಹಾಗೆ ಕಾಣುತ್ತೆ. ಅವರಿಗೂ ಶಿಷ್ಯನಿಗೂ ಸಂಖ್ಯೆ ಬಾಯಿಪಾಠ. ನೋಡಿಕೊಂಡು ಟೈಪ್ ಮಾಡಿದವರಿಗೆ ಮಾತ್ರ ಈ ತಪ್ಪು ಆಗೋದು.”

ಅವಳು ಹಾಳೆ ಹರಿದಿದ್ದ ಜಾಗಕ್ಕೆ ಪುಟ ತಿರುವಿದಳು.

“ಹರಿದ ಹಾಳೆಯ ಅಚ್ಚು ಕೆಳಗಿನ ಹಾಳೆಯಲ್ಲಿ ಮೂಡಿದೆ. ಪೆನ್ಸಿಲ್ ಉಜ್ಜಿದೆ. 100003 ಗುಣಿಸು 100019. ಗುಣಿಸಿದೆ, ಸರಿಯಾಗಿದೆ. ದಿನಕ್ಕೆ ಮೂರರಂತೆ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸುತ್ತಾ ಬಂದು ಕೊನೆಗೂ ಒಡೆದಿದ್ದರು. ಗೆದ್ದವರು ಯಾಕೆ ಸಾಯ್ತಾರೆ? ಹಾಲು ಕೊಟ್ಟವರು ಯಾರು?”

“ನಾನೇ,” ಎಂದ ಅವನು. “ಅಕ್ಕ ಉಸಿರು ಎಳೀತಿದ್ಲು, ಭಾವ ಪಕ್ಕದಲ್ಲಿ ಕೂತು ಲೆಕ್ಕ ಮಾಡ್ತಿದ್ರು. ಅವಳು ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಿನ್ನೆ ಶಿಷ್ಯ ಹೋದ ಮೇಲೆ ಆ ಹಾಳು ನಂಬರ್ ಒಡೀತು ಅಂತ ಮಗು ಥರ ಬಿಕ್ಕಿ ಬಿಕ್ಕಿ ಅತ್ರು. ನನ್ನ ಕೈಲಿ ಸಹಿಸೋಕೆ ಆಗಲಿಲ್ಲ.”

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೂತಳು. ಶಿಷ್ಯ ಹೇಳಿದ್ದನ್ನು ಹೇಳದೆ ಹೋಗಬಹುದಿತ್ತು.

“ಆ ಸಂಖ್ಯೆ ಕೊಟ್ಟದ್ದು ನಿಮ್ಮಕ್ಕ. ಅವರೂ ಗಣಿತ ಓದಿದವರಲ್ವಾ? ತಾನು ಹೋದ ಮೇಲೆ ಗಂಡ ಎದೆಗುಂದಬಾರದು ಅಂತ ಎರಡು ಅವಿಭಾಜ್ಯ ಸಂಖ್ಯೆ ಗುಣಿಸಿ, ಕೈಯಲ್ಲೇ ಹುಡುಕಿ, ಅವಸರ ಬೇಡ ಅಂದಿದ್ರಂತೆ. ಸಿಗೋವರೆಗೂ ಅಳಲ್ಲ ಅಂತ ಮೇಷ್ಟ್ರು ಮಾತು ಕೊಟ್ಟಿದ್ರಂತೆ.”

ಅವನು ಅವಳನ್ನೇ ನೋಡಿದ. ಆಮೇಲೆ ಮೇಜಿನ ಅಂಚು ಹಿಡಿದು ನಿಧಾನವಾಗಿ ನೆಲಕ್ಕೆ ಕೂತ.

“ನನಗೆ ಯಾರೂ ಹೇಳಲೇ ಇಲ್ಲ,” ಎಂದ.