ಬಂಡೆಮ್ಮನ ಜೋಗುಳದ ಪೆನ್‌ಡ್ರೈವ್

ಕೂಸನ್ನು ತೊಟ್ಟಿಲಿಗೆ ಹಾಕಲು ಇನ್ನು ಎರಡೇ ಗಂಟೆ ಉಳಿದಿತ್ತು. ಅದರ ತಾಯಿ ಸ್ನೇಹಲತಾ ಕಣ್ಣೊರೆಸಿಕೊಳ್ಳುತ್ತ ಮೇಲಿನ ಮಹಡಿಯ ಶರಣಬಸಮ್ಮನ ಬಾಗಿಲು ತಟ್ಟಿದಳು. ಬಾಲಾನಗರದ ಆ ಅಪಾರ್ಟ್‌ಮೆಂಟಿನಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಈ ನಿವೃತ್ತ ವಿಜ್ಞಾನ ಶಿಕ್ಷಕಿಯ ಹತ್ತಿರವೇ ಓಡಿ ಬರುತ್ತಿದ್ದರು. ಅಲ್ಲೇ ಚಹಾ ಕುಡಿಯುತ್ತಿದ್ದ ನೆರೆಮನೆಯ ಫಿಟ್ಟರ್ ಕಲ್ಲೇಶನಿಗೆ ಖುಷಿಯೋ ಖುಷಿ. ತಾನಿಲ್ಲದೆ ಟೀಚರ ಪತ್ತೇದಾರಿಕೆ ನಡೆಯುವುದೇ ಇಲ್ಲವೆಂದು ಅವನು ನಂಬಿದ್ದ.

ಸ್ನೇಹಲತಾಳ ಅತ್ತೆ ಬಂಡೆಮ್ಮ ತೀರಿಕೊಳ್ಳುವ ಮುಂಚೆ, ಹುಟ್ಟಲಿರುವ ಮೊಮ್ಮಗುವಿಗೆಂದು ಜೋಗುಳ ಹಾಡಿ ಪೆನ್‌ಡ್ರೈವಿಗೆ ಹಾಕಿಸಿದ್ದಳು. ಬೇರೆ ಪ್ರತಿ ಇರಲಿಲ್ಲ. ಹೋದ ತಿಂಗಳು ಸ್ನೇಹಲತಾ ಆ ಜೋಗುಳ ಕೇಳಿ ಪೆನ್‌ಡ್ರೈವನ್ನು ಮಾವ ಅಮರೇಶಪ್ಪನ ಕೈಗೆ ಕೊಟ್ಟಿದ್ದಳು. ಈಗ ಅದು ತೆರೆಯುತ್ತಿಲ್ಲ, ಸೊಸೆಯೇ ಅಳಿಸಿರಬೇಕೆಂದು ನೆಂಟರು ಗುಸುಗುಸು ಶುರುಮಾಡಿದ್ದರು.

ಲ್ಯಾಪ್‌ಟಾಪೇ ಕೆಟ್ಟಿದೆ ಎಂದು ಕಲ್ಲೇಶ ಕೆಳಗೆ ಹೋಗುವ ಮೊದಲೇ ತೀರ್ಪು ಕೊಟ್ಟ. ಶರಣಬಸಮ್ಮ ಸ್ನೇಹಲತಾಳ ಮನೆಗೆ ಇಳಿದು ತನ್ನ ಪೆನ್‌ಡ್ರೈವನ್ನು ಅಲ್ಲಿನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಅದು ತಕ್ಷಣ ತೆರೆಯಿತು. ಬಂಡೆಮ್ಮನದನ್ನು ಕಲ್ಲೇಶನ ಲ್ಯಾಪ್‌ಟಾಪಿಗೆ ಹಾಕಿದರೆ ಅಲ್ಲಿಯೂ ಸದ್ದಿಲ್ಲ. ಕಲ್ಲೇಶ ಪೆಚ್ಚಾದ.

ಆಮೇಲೆ ಆಕೆ ಸುಮ್ಮನೆ ಮನೆ ನೋಡುತ್ತ ನಿಂತಳು. ಬಂಡೆಮ್ಮನ ಫೋಟೋಕ್ಕೆ ವಿಭೂತಿ, ಫ್ರಿಜ್ಜಿಗೆ ವಿಭೂತಿ, ಹೊಸ ಟಿವಿಗೂ ಮೂರು ಬೆರಳಿನ ಪಟ್ಟೆ. ಪೆನ್‌ಡ್ರೈವ್ ಚುಚ್ಚಿದ ಕಡೆ ಲ್ಯಾಪ್‌ಟಾಪಿನ ಅಂಚಿಗೆ ಬಿಳಿ ಪುಡಿ ಅಂಟಿತ್ತು. ಅದನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರಿ ಎಂದು ಅಮರೇಶಪ್ಪನನ್ನು ಕೇಳಿದಳು. ದೇವರ ಜಗಲಿಯ ಮೇಲೆ, ಹೆಂಡತಿಯ ಫೋಟೋದ ಮುಂದೆ ಎಂದು ಮುದುಕ ಉತ್ತರಿಸಿದ.

ನೆಂಟರೆಲ್ಲ ತೊಟ್ಟಿಲ ಸುತ್ತ ಸೇರಿದ ಮೇಲೆ ಶರಣಬಸಮ್ಮ ಬಾಯಿ ತೆರೆದಳು.

"ಅಳಿಸಿದ್ರ ಪರದೆ ಮ್ಯಾಲೆ ಖಾಲಿ ಡ್ರೈವ್ ಆದ್ರೂ ಕಾಣಬೇಕಿತ್ತು. ಇದು ಕಾಣಸವಲ್ದು. ಅಂದ್ರ ಸೊಸಿದು ತಪ್ಪಿಲ್ಲ. ಲ್ಯಾಪ್‌ಟಾಪ್ ಎರಡೂ ಚಲೋ ಅದಾವ. ಉಳೀತು ಇದರ ಬಾಯಿ. ಒಳಗ ವಿಭೂತಿ ಗಟ್ಟಿಯಾಗಿ ಕುಂತೈತಿ. ಒದ್ದಿ ಮಾಡಿ ಹಚ್ಚತಿದ್ರೇನ್ರಿ, ಅಮರೇಶಪ್ಪನವರ?"

ಅಮರೇಶಪ್ಪ ತಲೆ ತಗ್ಗಿಸಿದ. "ಆಕಿ ದನಿ ಇರೂ ಜಾಗ ಅದು ರೀ. ದಿನಾ ಪೂಜಿ ಮಾಡಿ ಹಚ್ಚತಿದ್ದೆ."

ಯಾರಿಗೂ ಬೈಯಲು ಮನಸ್ಸು ಬರಲಿಲ್ಲ. ಕಲ್ಲೇಶ ಹೊಸ ಹಲ್ಲುಜ್ಜುವ ಬ್ರಶ್ ತಂದು ಪುಡಿ ಉದುರಿಸಿದ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ, ಪೂರ್ತಿ ಆರಲು ಬಿಟ್ಟು ಚುಚ್ಚಿದ. ಪರದೆಯ ಮೇಲೆ ಬಂಡೆಮ್ಮನ ಹೆಸರು ಮೂಡಿತು. ಸ್ನೇಹಲತಾ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಜೋಗುಳ ಎರಡು ಸಾಲು ಸಾಗಿ ಗಕ್ಕನೆ ನಿಂತಿತು. "ಏನ್ರೀ, ನಡುವ ಮಾತಾಡಬ್ಯಾಡ್ರಿ. ಕೂಸಿಗೆ ಹಾಡಾಕತ್ತೀನಿ," ಎಂದಿತು ಬಂಡೆಮ್ಮನ ದನಿ.

"ಆತು, ಹಾಡು," ಎಂದ ಅಮರೇಶಪ್ಪ. ಮನೆ ತುಂಬ ನಗು ಎದ್ದಿತು. ಹಾಡು ಮುಂದುವರಿಯಿತು, ಅವನು ಸೊಸೆಯ ಕೈಯಿಂದ ತೊಟ್ಟಿಲ ಹಗ್ಗ ತೆಗೆದುಕೊಂಡು ತೂಗತೊಡಗಿದ.