ದಿನಕ್ಕೆ ನಾಲ್ಕು ನಿಮಿಷ

ಆ ಬೀದಿಯಲ್ಲಿ ಸೂರ್ಯ ಕೂಡ ಮೊದಲು ಗಡಿಯಾರದಂಗಡಿಯೊಳಗೆ ಇಣುಕಿ, ತಾನು ಸರಿಯಾದ ಹೊತ್ತಿಗೇ ಬಂದಿದ್ದೇನೆಂದು ಖಾತ್ರಿ ಮಾಡಿಕೊಂಡು ಮೇಲೇರುತ್ತಿದ್ದ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. ಅಂಗಡಿಯ ಗೋಡೆಯ ಮೇಲೆ ಐವತ್ತಮೂರು ಗಡಿಯಾರಗಳಿದ್ದವು. ಬೆಳಗ್ಗೆ ಒಂಬತ್ತಾಯಿತೆಂದರೆ ಐವತ್ತಮೂರೂ ಒಂದೇ ಉಸಿರಿಗೆ ಹೊಡೆಯುತ್ತಿದ್ದವು. ಒಂದು ಮುಂದಿಲ್ಲ, ಒಂದು ಹಿಂದಿಲ್ಲ. ಆ ಸದ್ದಿಗೆ ಮೂರು ಬೀದಿಯಾಚೆಯ ಬೆಕ್ಕುಗಳೂ ಎದ್ದು, ಮೈಮುರಿದು, ಕೆಲಸಕ್ಕೆ ಹೊರಡುತ್ತಿದ್ದವು.

ಅಂಗಡಿಯವನನ್ನು ಬೀದಿಯವರೆಲ್ಲ ‘ಸೆಕೆಂಡು’ ಎಂದು ಕರೆಯುತ್ತಿದ್ದರು. ಮೂವತ್ತೊಂದು ವರ್ಷದ ಬದುಕಿನಲ್ಲಿ ಅವನ ಕೈಯಿಂದ ಒಂದು ಸೆಕೆಂಡಿನಷ್ಟೂ ತಪ್ಪಾಗಿರಲಿಲ್ಲ.

ಆದದ್ದು ಒಂದೇ ಸಲ. ಅದನ್ನೂ ಬೇಕೆಂದೇ ಮಾಡಿದ. ಹೊಟ್ಟೆಕಿಚ್ಚಿನಿಂದ ಮಾಡಿದ.

ಎದುರಿಗೆ ಕನ್ನಡಕದಂಗಡಿ. ಅದನ್ನು ನಡೆಸುತ್ತಿದ್ದವಳು ಗಿರಾಕಿಗಳ ಕಣ್ಣಮುಂದೆ ಲೆನ್ಸು ಬದಲಿಸುತ್ತ ‘ಇದು ಚೆನ್ನಾಗಿದೆಯಾ, ಈಗ ಚೆನ್ನಾಗಿದೆಯಾ’ ಎಂದು ಕೇಳುವಾಗ, ಬೀದಿಯ ಈಚೆ ಕೂತ ಸೆಕೆಂಡು ಪ್ರತಿ ಸಲವೂ ಮನಸ್ಸಿನಲ್ಲೇ ‘ಚೆನ್ನಾಗಿದೆ’ ಎಂದು ಉತ್ತರ ಕೊಡುತ್ತಿದ್ದ. ಹೀಗೆ ಎರಡು ವರ್ಷ ಉತ್ತರ ಕೊಟ್ಟ. ಅವಳ ಕಿವಿಯ ಕೆಳಗಿನ ಎಳ್ಳಿನಷ್ಟು ಮಚ್ಚೆ ಅವನಿಗೆ ಬೀದಿಯಾಚೆಯಿಂದಲೇ ಕಾಣುತ್ತಿತ್ತು. ಅಂಥ ಕಣ್ಣಿದ್ದವನು ಆರು ತಿಂಗಳಿಗೊಮ್ಮೆ ತಪ್ಪದೆ ಕಣ್ಣು ಪರೀಕ್ಷೆಗೆ ಹೋಗುತ್ತಿದ್ದ.

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ,” ಎಂದಳು ಅವಳು ನಾಲ್ಕನೇ ಸಲ. “ಬಾಯಿಗೇ ಏನೋ ಆಗಿರೋ ಹಾಗಿದೆ. ಅದಕ್ಕೆ ನನ್ನ ಹತ್ರ ಲೆನ್ಸಿಲ್ಲ.”

ಇಷ್ಟು ಅಗಲವಾಗಿ ಬಾಗಿಲು ತೆರೆದರೂ ಅವನು ಒಳಗೆ ಕಾಲಿಡಲಿಲ್ಲ. ಚೀಟಿ ತೆಗೆದುಕೊಂಡು ಮನೆಗೆ ಹೋದ. ಅವನಷ್ಟು ಪುಕ್ಕಲು ಪ್ರೇಮಿ ಭೂಮಿಯ ಮೇಲೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅದೃಷ್ಟ ಒಂದು ಸಂಜೆ ತಾನಾಗಿ ಬಂತು. ಅವಳ ಅಪ್ಪ ನಿವೃತ್ತ ವಿಜ್ಞಾನದ ಮೇಷ್ಟ್ರು. ಅವರ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಪಕ್ಕ, ನೂರು ವರ್ಷ ಹಳೆಯ ಹಿತ್ತಾಳೆಯ ಟೆಲಿಸ್ಕೋಪು ನಿಂತಿತ್ತು. ಆನೆಯ ಸೊಂಡಿಲನ್ನು ಪಕ್ಕದಲ್ಲಿಟ್ಟರೆ ಆನೆಯೇ ನಾಚಿ ಹಿಂದೆ ಸರಿಯಬೇಕು, ಅಷ್ಟು ಉದ್ದ. ಅದರ ಬುಡದಲ್ಲಿ ಒಂದು ಗಡಿಯಾರ. ಮುಳ್ಳಿಲ್ಲ, ಮುಖವಿಲ್ಲ, ಕೀ ಕೊಟ್ಟರೆ ಒಂದು ಭಾರ ಮೆಲ್ಲಗೆ ಕೆಳಗಿಳಿಯುತ್ತದೆ, ಹಲ್ಲುಗಾಲಿಗಳು ತಿರುಗುತ್ತವೆ, ಟೆಲಿಸ್ಕೋಪು ಆಕಾಶದ ಹಿಂದೆ ಹಿಂದೆಯೇ ಸಾಗುತ್ತದೆ. ಆ ಗಡಿಯಾರ ನಿಂತುಹೋಗಿತ್ತು.

ಅವನಿಗದು ಒಂದು ಗಂಟೆಯ ಕೆಲಸ. ಮೂರು ಸಂಜೆ ಮಾಡಿದ. ಮೂರೂ ಸಂಜೆ ಅವಳು ಟಾರ್ಚು ಹಿಡಿದು ನಿಂತಳು. ಮೇಷ್ಟ್ರು ಹಿತ್ತಲ ಗೋಡೆಯನ್ನೇ ಬೋರ್ಡು ಮಾಡಿಕೊಂಡು ಇಬ್ಬರಿಗೂ ಪಾಠ ಹೇಳಿದರು: ಆಕಾಶದ ದಿನ ನಮ್ಮ ದಿನಕ್ಕಿಂತ ನಾಲ್ಕು ನಿಮಿಷ ಗಿಡ್ಡ. ಊರಿನ ಗಡಿಯಾರದ ಲೆಕ್ಕಕ್ಕೆ ಓಡಿಸಿದರೆ ಟೆಲಿಸ್ಕೋಪು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬಿದ್ದು, ಗ್ರಹ ಕೈತಪ್ಪಿ ಜಾರುತ್ತ ಹೋಗುತ್ತದೆ. ಸೆಕೆಂಡು ಆಕಾಶದ ಲೆಕ್ಕಕ್ಕೇ ಕೂಡಿಸಿಕೊಟ್ಟ. ಗುರು ಗ್ರಹ ಕಣ್ಣಿಟ್ಟು ನೋಡುವ ಐಪೀಸಿನ ನಡುವೆ ಮೊಳೆ ಹೊಡೆದ ಹಾಗೆ ನಿಂತಿತು.

“ನಿಮ್ಮ ಕೈ ನೋಡಿದ್ರೆ ಹೆದ್ರಿಕೆ ಆಗುತ್ತೆ,” ಎಂದಳು. “ಒಂದು ಸಲಾನೂ ತಪ್ಪಲ್ವಾ?”

ತಪ್ಪುವುದಿಲ್ಲ ಎಂದ. ಎದೆ ಅಷ್ಟಗಲವಾಯಿತು, ಅಂಗಿಯ ಗುಂಡಿ ಕಿತ್ತು ಹಾರಿ ಗುರುಗ್ರಹಕ್ಕೆ ಬಡಿಯದಿದ್ದದ್ದೇ ಪುಣ್ಯ.

ನಾಲ್ಕನೇ ಸಂಜೆ ಕ್ಯಾಮೆರಾದವನು ಬಂದ.

ಮದುವೆ ಫೋಟೋ ತೆಗೆದು ಬೇಸತ್ತವನು, ಹಳೆಯ ಟೆಲಿಸ್ಕೋಪಿನಲ್ಲಿ ಗುರುವಿನ ಚಿತ್ರ ತೆಗೆಯುವ ಹುಚ್ಚು ಹತ್ತಿಸಿಕೊಂಡಿದ್ದ. ಹನ್ನೊಂದು ಜೇಬಿನ ಜಾಕೆಟ್ಟು. ಹನ್ನೊಂದರಲ್ಲೂ ಏನಾದರೊಂದು ಉಪಯೋಗದ ವಸ್ತು. ಕೂದಲು ಹೇಗಿತ್ತೆಂದರೆ ಗಾಳಿಯೇ ಬಾಚಣಿಗೆ ಹಿಡಿದು ದಿನಾ ಬಂದು ಬಾಚಿ ಹೋಗುತ್ತಿರಬೇಕು. ಬಂದವನೇ ಹಿತ್ತಾಳೆಯ ಮೈಯನ್ನು ಅಂಗೈಯಿಂದ ಸವರಿ, “ಇಂಥದ್ದನ್ನ ಜನ್ಮದಲ್ಲಿ ನೋಡಿಲ್ಲ” ಎಂದು ಉಸಿರುಬಿಟ್ಟ. ಹಾಗೆನ್ನುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಸೆಕೆಂಡು ಆ ಮಾತನ್ನು ಅವಳ ಲೆಕ್ಕಕ್ಕೆ ಹಾಕಿಕೊಂಡ.

ಅಲ್ಲಿಂದ ಶುರುವಾಯಿತು ಉರಿ. ಆ ಉರಿಯಲ್ಲಿ ಇಡೀ ಊರಿನ ಒಲೆಗಳನ್ನು ಒಂದು ತಿಂಗಳು ಹೊತ್ತಿಸಬಹುದಿತ್ತು.

ಕ್ಯಾಮೆರಾದವನು ಲ್ಯಾಪ್‌ಟಾಪ್ ತೆರೆದು ತನ್ನ ವಿದ್ಯೆ ವಿವರಿಸುತ್ತಿದ್ದ. ಒಂದೇ ಫೋಟೋ ಅಲ್ಲ, ವೀಡಿಯೊ ತೆಗೆಯಬೇಕಂತೆ. ಅದರೊಳಗಿನ ಸಾವಿರಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಬೇಕಂತೆ. ಗಡಿಯಾರದವನಿಗೆ ತುಂಬ ಬೇಕಾದ ವಿಷಯ. ಆದರೆ ಅವನ ಕಿವಿಗೆ ಒಂದು ಮಾತೂ ಬೀಳಲಿಲ್ಲ, ಯಾಕೆಂದರೆ ಅವನು ಅವಳ ನಗುವನ್ನು ಎಣಿಸುತ್ತಿದ್ದ. ಏಳು ನಿಮಿಷಕ್ಕೆ ಒಂಬತ್ತು ಸಲ. ಒಂದೊಂದು ನಗುವೂ ಸರಾಸರಿ ಎರಡೂಕಾಲು ಸೆಕೆಂಡು. ತನ್ನ ಎದುರು ಅವಳು ನಕ್ಕದ್ದು ಮೂರು ಸಂಜೆಗೆ ನಾಲ್ಕೇ ಸಲ, ಅದರಲ್ಲೂ ಒಂದು ಅವನು ಬಕೆಟ್ಟಿಗೆ ಎಡವಿದಾಗ. ಸ್ಕ್ರೀನಿನ ಮುಂದೆ ಬಗ್ಗಿದ ಆ ಎರಡು ತಲೆಗಳ ನಡುವೆ ಎಷ್ಟು ಜಾಗವಿತ್ತೆಂದು ಅವನು ಕಣ್ಣಲ್ಲೇ ಅಳೆದ. ಕೈಗಡಿಯಾರದ ಗಾಲಿಯ ಎರಡು ಹಲ್ಲಿನ ನಡುವೆ ಇದಕ್ಕಿಂತ ಹೆಚ್ಚಿರುತ್ತದೆ.

ಒಂದೇ ಸಮಾಧಾನವೆಂದರೆ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಗುರುವಿನ ಮುಖದ ಮೇಲೆ, ಪಟ್ಟೆಗಳ ನಡುವೆ, ಪ್ರತಿ ಸಲವೂ ಒಂದು ಕಪ್ಪು ಕಲೆ. ಕ್ಯಾಮೆರಾದೊಳಗೆ ಧೂಳಿನ ಕಣ ಕೂತಿದೆ, ಒರೆಸಿದರೂ ಹೋಗುತ್ತಿಲ್ಲ ಎಂದು ಅವನು ಗೋಳಾಡುತ್ತಿದ್ದ. ಸೆಕೆಂಡು ಆ ಕಣಕ್ಕೆ ಮನಸ್ಸಿನಲ್ಲೇ ದೀರ್ಘಾಯುಸ್ಸು ಕೋರಿದ.

ವಾರದ ನಂತರ ಟೆಲಿಸ್ಕೋಪಿನ ಗಡಿಯಾರ ಮತ್ತೆ ನಿಂತಿತು. ಬಿಚ್ಚಿ ನೋಡಿದರೆ ಹಲ್ಲುಗಾಲಿಯ ನಡುವೆ ಒಂದು ಹೇರ್‌ಪಿನ್. ಅವಳದ್ದೇ. ಬೀದಿಯಾಚೆಯಿಂದ ಮಚ್ಚೆ ಕಾಣುವವನಿಗೆ ಪಿನ್ನಿನ ಗುರುತು ಸಿಗದೆ ಇರುತ್ತದೆಯೇ? ಆ ಇಬ್ಬರೂ ಇಲ್ಲಿ, ಹೀಗೆ, ತಲೆಗೆ ತಲೆ ತಾಗಿಸಿ ಬಗ್ಗಿದ್ದಾರೆ, ಆಗ ಬಿದ್ದಿದೆ. ಪಿನ್ನನ್ನು ಜೇಬಿಗೆ ಹಾಕಿಕೊಂಡ. ಅಂಗಡಿಯಲ್ಲಿ ಅದನ್ನು ಮಖಮಲ್ಲಿನ ಪೆಟ್ಟಿಗೆಯೊಳಗಿಟ್ಟ. ಸಿಟ್ಟಿನಿಂದಲೇ ಇಟ್ಟ, ಆದರೂ ಮಖಮಲ್ಲಿನ ಮೇಲೇ ಇಟ್ಟ.

ಊಟಕ್ಕೆ ಕೂತಾಗ ಅವನ ಅಕ್ಕ ತಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. “ಏನೋ, ಅನ್ನ ತಿಂತಿದೀಯೋ, ಯಾರನ್ನಾದ್ರೂ ಅಗೀತಿದೀಯೋ?” ಎಂದಳು. “ಹೋಗಿ ಹೇಳ್ಬಾರ್ದಾ ಆ ಹುಡುಗಿಗೆ. ಊರಿನ ಗಡಿಯಾರಕ್ಕೆಲ್ಲ ನೀನು ಕೀ ಕೊಡ್ತೀಯ, ನಿನಗೆ ಯಾರು ಕೊಡ್ಬೇಕೋ?”

ಮಾರನೆಯ ದಿನ ಹೇಳಿಬಿಡುವುದೆಂದೇ ಹೊರಟ. ಬೀದಿ ದಾಟಲು ಹದಿನಾಲ್ಕು ಹೆಜ್ಜೆ. ಹದಿಮೂರನೆಯದಕ್ಕೆ ಅವಳೇ ಹೊರಗೆ ಬಂದಳು. ಕನ್ನಡಕವೊಂದನ್ನು ಒರೆಸುತ್ತ, ಗಾಜಿನ ಮೂಲಕ ಅವನ ಮುಖವನ್ನೇ ನೋಡುತ್ತ ಹೇಳಿದಳು.

“ಚಿತ್ರ ಚೆನ್ನಾಗಿ ಬಂದ ದಿನ ಅವ್ರು ಅಪ್ಪನ ಹತ್ರ ಒಂದು ಮಾತು ಕೇಳ್ಬೇಕಂತೆ.”

“ಏನು ಮಾತು?”

“ನನಗೇನು ಗೊತ್ತು. ಮಗಳಿರೋ ಮನೇಲಿ ಅಪ್ಪನ ಹತ್ರ ಕೇಳೋವಂಥದ್ದು ಏನಿರುತ್ತೆ?”

ಹದಿನಾಲ್ಕನೆಯ ಹೆಜ್ಜೆ ಇಡಲೇ ಇಲ್ಲ. ಹಿಂದಿರುಗಿ ಬಂದು ಸ್ಟೂಲಿನ ಮೇಲೆ ಕೂತ. ಚಿತ್ರ ಬಂದರೆ ಮಾತು. ಚಿತ್ರ ಬರದಿದ್ದರೆ ಮಾತಿಲ್ಲ. ಲೆಕ್ಕ ಅಷ್ಟೇ.

ಅಂದು ಸಂಜೆ, ಎಣ್ಣೆ ಬಿಡುವ ನೆಪದಲ್ಲಿ ಮೊದಲೇ ಹೋಗಿ, ಟೆಲಿಸ್ಕೋಪಿನ ಗಡಿಯಾರದ ಮುಚ್ಚಳ ತೆಗೆದ. ಒಂದು ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಆಕಾಶದ ಲೆಕ್ಕದಿಂದ ಊರಿನ ಲೆಕ್ಕಕ್ಕೆ. ದಿನಕ್ಕೆ ನಾಲ್ಕು ನಿಮಿಷ ನಿಧಾನ. ಬೇರೆಯವನಾಗಿದ್ದರೆ ಸ್ಕ್ರೂವನ್ನೇ ಕಿತ್ತೆಸೆಯುತ್ತಿದ್ದ. ಇವನಿಗೆ ದ್ರೋಹವನ್ನೂ ಒರಟಾಗಿ ಮಾಡಲು ಕೈಬರಲಿಲ್ಲ. ಮೂವತ್ತೊಂದು ವರ್ಷದ ಮಾನವನ್ನು ಆ ಮುಚ್ಚಳದ ಕೆಳಗೆ ಹೂತು, ನಾಲ್ಕೂ ಸ್ಕ್ರೂ ಬಿಗಿದ.

ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿಯಾಗಿಯೇ ಇದ್ದಾಗ ಗುರು ಮೂಡಿತು. ಕ್ಯಾಮೆರಾದವನು ಎರಡೆರಡು ನಿಮಿಷದ ವೀಡಿಯೊ ತೆಗೆದ. ಸೆಕೆಂಡು ಬಟ್ಟೆಯ ಹಗ್ಗದ ಹಿಂದೆ, ಒಣಗುತ್ತಿದ್ದ ದುಪ್ಪಟಿಯ ಮರೆಯಲ್ಲಿ ನಿಂತು ಕಾದ. ಸ್ಕ್ರೀನಿನ ಮೇಲೆ ಗುರು ಮೆಲ್ಲಗೆ, ಅಪರಾಧಿಯ ಹಾಗೆ, ಒಂದು ಕಡೆಗೆ ಜರುಗುತ್ತಿದ್ದುದು ಅವನೊಬ್ಬನಿಗೇ ಕಂಡಿತು ಎಂದುಕೊಂಡ. ಈಗ ಕೆಡುತ್ತದೆ. ಈಗ ಮಸುಕಾಗುತ್ತದೆ.

ಲ್ಯಾಪ್‌ಟಾಪ್ ಅರ್ಧ ಗಂಟೆ ಗುರುಗುಟ್ಟಿ ಚಿತ್ರವನ್ನು ಹೊರಗೆ ಹಾಕಿತು.

ಆ ಚಿತ್ರದಲ್ಲಿ ಗುರು ಈಗ ತಾನೇ ಮುಖ ತೊಳೆದು ಬಂದಂತಿತ್ತು. ಪಟ್ಟೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಅಂಚಿನಲ್ಲಿ ಗುರುವಿನ ಆ ಹೆಸರಾಂತ ಕೆಂಪು ಮಚ್ಚೆ, ಬೊಟ್ಟಿಟ್ಟಷ್ಟು ಸ್ಪಷ್ಟ. ಕಪ್ಪು ಕಲೆ ಮಾತ್ರ ಎಲ್ಲೂ ಇಲ್ಲ. ಗುರುವೇ ಇಳಿದುಬಂದು ಎದುರು ಕೂತಿದ್ದರೂ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ.

ಕ್ಯಾಮೆರಾದವನು ಕಣ್ಣೊರೆಸಿಕೊಂಡ. “ಮೇಷ್ಟ್ರೇ, ಒಂದು ನಿಮಿಷ ಒಳಗೆ ಬನ್ನಿ. ಆ ಮಾತು ಕೇಳ್ಬೇಕು.”

ಸೆಕೆಂಡು ಹಿಂದಿನ ಗೇಟಿನಿಂದ ಹೊರಬಿದ್ದ. ದುಪ್ಪಟಿ ಹೆಗಲಿಗೆ ಸಿಕ್ಕಿಕೊಂಡೇ ಬಂದದ್ದು ಅವನಿಗೆ ಮನೆ ಮುಟ್ಟುವವರೆಗೂ ಗೊತ್ತಾಗಲಿಲ್ಲ.

ಮಾರನೆಯ ಬೆಳಗ್ಗೆ ಅವಳು ಅಂಗಡಿಗೆ ಬಂದಳು. ಕೈಯಲ್ಲಿ ಆ ಚಿತ್ರ. ಸೆಕೆಂಡು ತಲೆಯೆತ್ತಲಿಲ್ಲ; ಬಿಚ್ಚಿಟ್ಟ ಗಡಿಯಾರವೊಂದರಲ್ಲಿ ಮೂಗು ಹುದುಗಿಸಿದ್ದ.

“ನಮ್ಮನೆ ದುಪ್ಪಟಿ ಕಳುವಾಗಿದೆ,” ಎಂದಳು. “ಅದಿರ್ಲಿ. ನಿನ್ನೆ ಗುರು ಜರುಗ್ತಾ ಇತ್ತು. ಅದಕ್ಕೇ ಕಲೆ ಹೋಗಿದ್ದು. ಇಷ್ಟು ದಿನ ಕದಲದೆ ನಿಲ್ತಿತ್ತಲ್ಲ, ಧೂಳು ಯಾವಾಗ್ಲೂ ಒಂದೇ ಜಾಗದಲ್ಲಿ ಬೀಳ್ತಿತ್ತು. ಜರುಗಿದ್ಮೇಲೆ ಅದು ಒಂದೊಂದು ಚಿತ್ರದಲ್ಲಿ ಗುರುವಿನ ಒಂದೊಂದು ಕಡೆ ಬಿತ್ತು, ಸಾವಿರಾರು ಚಿತ್ರ ಕೂಡಿಸಿದಾಗ ಕರಗೇ ಹೋಯ್ತು. ಅವ್ರು ಕುಣಿದಾಡಿಬಿಟ್ರು.”

ಕೆಡಿಸಲು ಹೋದವನ ಕೈಯೇ ಚಿತ್ರ ಮಾಡಿಕೊಟ್ಟಿತ್ತು. ಅವನಿಗೆ ಆ ಗಡಿಯಾರದೊಳಗೇ ಇಳಿದು ಮುಚ್ಚಳ ಹಾಕಿಕೊಳ್ಳಬೇಕೆನಿಸಿತು.

“ಎಷ್ಟು ಜರುಗಿದೆ ಅಂತ ಅಳೆದೆ,” ಎಂದು ಅವಳು ಮುಂದುವರಿಸಿದಳು. “ಮೂರು ನಿಮಿಷ ಬಂದಿದ್ರೆ ಹಳೇ ಯಂತ್ರ ಅಂತಿದ್ದೆ. ಐದು ಬಂದಿದ್ರೆ ಎಣ್ಣೆ ಗಟ್ಟಿಯಾಗಿದೆ ಅಂತಿದ್ದೆ. ದಿನಕ್ಕೆ ಸರಿಯಾಗಿ ನಾಲ್ಕು ನಿಮಿಷ. ತಪ್ಪನ್ನೂ ಇಷ್ಟು ಸರಿಯಾಗಿ ಮಾಡೋರು ಈ ಬೀದೀಲಿ ಒಬ್ರೇ.”

“ಚಿತ್ರ ಕೆಡ್ಲಿ ಅಂತ ಮಾಡ್ದೆ,” ಎಂದ ಅವನು, ಹಲ್ಲುಗಾಲಿಗೆ ಹೇಳುವ ಹಾಗೆ.

“ಯಾಕೆ?”

“ಕೆಟ್ರೆ ಅವ್ರು ಆ ಮಾತು ಕೇಳಲ್ಲ ಅಂತ.”

“ಕೇಳಿದ್ರು. ಟೆಲಿಸ್ಕೋಪ್ ಕೊಡ್ತೀರಾ ಅಂತ. ಬಂದ ಮೊದಲ ದಿನದಿಂದ ಅದನ್ನೇ ಸವರ್ತಿದ್ರಲ್ಲ, ನೀವು ನೋಡ್ಲಿಲ್ವಾ?”

ನೋಡಿದ್ದ. ನಗು ಎಣಿಸುವ ಗಡಿಬಿಡಿಯಲ್ಲಿ ನೋಡಿದ್ದನ್ನೆಲ್ಲ ತಪ್ಪು ಜಾಗಕ್ಕೆ ಬರೆದಿದ್ದ. ಮೇಷ್ಟ್ರು ಏನೆಂದರು ಎಂದು ಮೆಲ್ಲಗೆ ಕೇಳಿದ. ಅದರ ಗಡಿಯಾರ ನೋಡಿಕೊಳ್ಳುವವನು ಇಲ್ಲೇ ಇದ್ದಾನೆ, ಅವನನ್ನು ಬಿಟ್ಟು ಅದು ಓಡುವುದಿಲ್ಲ, ಹಾಗಾಗಿ ಕೊಡುವುದಿಲ್ಲ ಎಂದರಂತೆ.

ಅವಳ ಕಣ್ಣು ತೆರೆದ ಡ್ರಾಯರಿನ ಮೇಲೆ ಬಿತ್ತು. ಅದರೊಳಗೆ, ತೆರೆದ ಪೆಟ್ಟಿಗೆಯ ಮಖಮಲ್ಲಿನ ಮೇಲೆ, ಹೇರ್‌ಪಿನ್.

“ಅದು ನೀವಿಬ್ರೂ ಬಗ್ಗಿದಾಗ ಒಳಗೆ ಬಿದ್ದಿತ್ತು,” ಎಂದ ಅವನು. ಉರಿಯ ಕೊನೆಯ ಕಿಡಿ ಇನ್ನೂ ಆರಿರಲಿಲ್ಲ.

“ನಾಲ್ಕು ಸ್ಕ್ರೂ ಬಿಗಿದಿರೋ ಮುಚ್ಚಳದೊಳಗೆ?” ಅವಳು ಪಿನ್ನನ್ನೆತ್ತಿ ಬೆಳಕಿಗೆ ಹಿಡಿದಳು. “ರಿಪೇರಿ ಮುಗೀತು ಅಂತ ನೀವು ಗೋಡೆ ಪಕ್ಕ ಮೂಕನ ಹಾಗೆ ನಿಂತ್ಕೊಳ್ಳೋಕೆ ಶುರು ಮಾಡಿದ್ರಿ. ಗಡಿಯಾರ ನಿಲ್ಲಿಸದೆ ನಾನಿನ್ನೇನು ಮಾಡ್ಬೇಕಿತ್ತು? ಸ್ಕ್ರೂ ಬಿಚ್ಚೋಕೆ ಹೋಗಿ ಉಗುರು ಬೇರೆ ಮುರೀತು.”

ಅವನು ತಲೆಯೆತ್ತಿದ. ಅವಳು ನಗುತ್ತಿರಲಿಲ್ಲ. ಕಿವಿಯ ಕೆಳಗಿನ ಮಚ್ಚೆಯ ಸುತ್ತ ಕೆಂಪೇರಿತ್ತು. ಎರಡು ವರ್ಷದಿಂದ ಗಂಟಲಲ್ಲಿ ನಿಂತಿದ್ದ ಗಡಿಯಾರ ಕೊನೆಗೂ ಓಡಿತು. ಅವನು ಬಾಯಿ ತೆರೆದು, ಹೇಳಬೇಕಾದ್ದನ್ನು ಹೇಳಿಯೇಬಿಟ್ಟ.

ಅದೇ ಕ್ಷಣಕ್ಕೆ ಒಂಬತ್ತಾಯಿತು.

ಐವತ್ತಮೂರು ಗಡಿಯಾರಗಳೂ ಒಟ್ಟಿಗೆ ಹೊಡೆದವು. ಗಾಜು ನಡುಗಿತು, ಬೀದಿ ನಡುಗಿತು, ಸೂರ್ಯ ಕೂಡ ಒಂದು ಕ್ಷಣ ಕಿವಿ ಮುಚ್ಚಿಕೊಂಡ. ಒಂಬತ್ತು ಹೊಡೆತ ಮುಗಿಯುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅವನು ಎಣಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಎಣಿಸಲಿಲ್ಲ.

“ಕೇಳಿಸ್ಲಿಲ್ಲ,” ಎಂದಳು. “ಇನ್ನೊಂದ್ಸಲ ಹೇಳಿ.”

ಅವನು ಇನ್ನೊಂದು ಸಲ ಹೇಳಿದ. ಈ ಸಲ ತಡವರಿಸದೆ.

“ತುಟಿ ನೋಡಿ ಮೊದಲ್ನೇ ಸಲಾನೇ ಗೊತ್ತಾಗಿತ್ತು,” ಎಂದಳು. “ಎರಡು ವರ್ಷ ಕಾಯಿಸಿದ್ದಕ್ಕೆ ಎರಡು ಸಲ. ಅದಕ್ಕೇ ಒಂಬತ್ತಕ್ಕೆ ಸರಿಯಾಗಿ ಹೊಂದಿಸ್ಕೊಂಡು ಬಂದೆ.”

ಹೇರ್‌ಪಿನ್ನನ್ನು ಅವನ ಕೈಗೆ ಕೊಟ್ಟು, ಹಿಂದಿರುಗಿ ನಿಂತು, ಜಾರಿದ ಕೂದಲನ್ನು ಎತ್ತಿ ಹಿಡಿದಳು. ಕೂದಲೆಳೆಯಷ್ಟು ಸ್ಕ್ರೂ ತಿರುಗಿಸಬಲ್ಲ ಆ ಕೈಗೆ ಒಂದು ಪಿನ್ನು ಸಿಕ್ಕಿಸಲು ಏನು ಮಾಡಿದರೂ ಆಗಲಿಲ್ಲ. ಮೂರು ಸಲ ಜಾರಿತು. ಅವಳು ಅವಸರಪಡಿಸಲಿಲ್ಲ.

ಅಂದು ಕನ್ನಡಕದಂಗಡಿಯ ಷಟರು ತಡವಾಗಿ ಎದ್ದಿತು. ನಾಲ್ಕೇ ನಿಮಿಷ ಎಂದು ಸೆಕೆಂಡು ಇಂದಿಗೂ ಆಣೆಯಿಟ್ಟು ಹೇಳುತ್ತಾನೆ. ಬೀದಿಯವರು ನಲವತ್ತು ಎನ್ನುತ್ತಾರೆ. ಸಮಯದ ವಿಷಯದಲ್ಲಿ ಅವನ ಮಾತನ್ನು ಯಾರೂ ನಂಬದೆ ಹೋದದ್ದು ಅದೊಂದೇ ಸಲ.