ಕುರ್ಚಿ ಹೆಣೆಯುವವರ ಫೋನು

ಬೆಳಗ್ಗೆ ಆಸ್ಪತ್ರೆಗೆ ಹಣ ಕಟ್ಟಲು ಹೋದಾಗಲೇ ಗೊತ್ತಾಗಿದ್ದು — ಖಾತೆ ಖಾಲಿ! ಹೆಂಡತಿಯ ಹೃದಯದ ಶಸ್ತ್ರಚಿಕಿತ್ಸೆಗೆಂದು ಕುರ್ಚಿ ಹೆಣೆಯುವ ಯಜಮಾನರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ. ಸಂಜೆಯೊಳಗೆ ಕಟ್ಟದಿದ್ದರೆ ಆಕೆಯ ಸರದಿ ಬೇರೆಯವರಿಗೆ ಹೋಗುತ್ತದೆ, ಮೆಸೇಜ್ ಕಳಿಸುತ್ತೇವೆ ಎಂದಿದ್ದರು ಆಸ್ಪತ್ರೆಯವರು.

ತನಿಖಾಧಿಕಾರಿ ಮೇಡಂ ಮತ್ತು ಅವರ ಸಹಾಯಕನಾದ ನಾನು ಯಜಮಾನರ ಕೆಲಸದ ಕೋಣೆಗೆ ಹೋದಾಗ ಮಧ್ಯಾಹ್ನ ಇಳಿದಿತ್ತು. ಯಜಮಾನರಿಗೆ ಕಣ್ಣು ಕಾಣದು. ಬೆರಳುಗಳು ಮಾತ್ರ ಬೆತ್ತದ ಮೇಲೆ ಓಡುತ್ತಲೇ ಇದ್ದವು. ಒಂದು ಪಕ್ಕ ಮಗ, ಇನ್ನೊಂದು ಪಕ್ಕ ಭಾವಮೈದುನ, ಎದುರಿಗೆ ಇಸ್ತ್ರಿ ಮುರಿಯದ ಅಂಗಿಯ ಬ್ಯಾಂಕ್ ಅಧಿಕಾರಿ.

“ನಮ್ಮ ವ್ಯವಸ್ಥೆ ಭದ್ರ,” ಎಂದ ಅಧಿಕಾರಿ. “ನಿನ್ನೆ ಮಧ್ಯಾಹ್ನ ಯಾರೋ ಬೇರೆ ಫೋನಿಂದ ಇವರ ಖಾತೆ ತೆರೆದಿದ್ದಾರೆ. ಪಾಸ್‌ವರ್ಡ್ ಸರಿ ಇತ್ತು. ಇವರ ಫೋನಿಗೆ ಬಂದ ಓಟಿಪಿನೂ ಸರಿಯಾಗೇ ಹಾಕಿದಾರೆ. ಹಣ ಡಿಜಿಟಲ್ ನಾಣ್ಯ ಮಾರೋ ಸೈಟಿಗೆ ಹೋಗಿದೆ. ಇವರೇ ಯಾರಿಗೋ ಹೇಳಿರ್ಬೇಕು.”

“ಹೆಂಡ್ತಿಗೂ ಹೇಳಿಲ್ಲ ಸ್ವಾಮಿ!”

ಭದ್ರವಂತೆ! ಸಂಬಳ ಬಂದ ದಿನವೇ ಬ್ಯಾಂಕಿನಿಂದ ನೋಟು ಬಿಡಿಸಿಕೊಂಡು ಬರುವವನು ನಾನು. ಆ ಮಾತು ಕೇಳಿ ಮೈ ಉರಿಯಿತು. ನನ್ನ ಅನುಮಾನ ಭಾವಮೈದುನನ ಮೇಲೆ. ಬಾಜಿ ಕಟ್ಟಿ ಕೈ ಸುಟ್ಟುಕೊಂಡವನೆಂದು ಬೀದಿಗೆಲ್ಲ ಗೊತ್ತಿತ್ತು.

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?” ಮೇಡಂ ಅವನನ್ನು ಕೇಳಿದರು.

“ಇಲ್ಲೇ. ನಾನೂ ಇದ್ದೆ, ಈ ಹುಡುಗನೂ ಇದ್ದ. ಭಾವನ ಫೋನ್ ಮುಟ್ಟಿಲ್ಲ, ನಮ್ಮಕ್ಕನಾಣೆ!”

“ನಿಜ,” ಎಂದರು ಯಜಮಾನರು. “ಫೋನ್ ನನ್ನ ಜೇಬಲ್ಲೇ ಇತ್ತು.”

ಆಗಲೇ ಆ ಜೇಬಿನಿಂದ ಸದ್ದು ಬಂತು. ಮಾತೆನ್ನಲು ಸಾಧ್ಯವಿಲ್ಲ — ಬಟ್ಟೆ ಹರಿದಂತೆ ಪರ್ರೆಂದು ಹೋಯಿತು.

“ಏನದು?”

“ಮೆಸೇಜು ಮೇಡಂ. ಯಾವ್ದೋ ಜಾಹೀರಾತು. ಫೋನೇ ಓದಿ ಹೇಳುತ್ತೆ. ಅಷ್ಟು ವೇಗ ಇದ್ರೇನೇ ನನಗೆ ಸರಿ. ಬೇರೆಯವ್ರಿಗೆ ಒಂದಕ್ಷರಾನೂ ತಿಳಿಯಲ್ಲ.” ಆ ದುಃಖದಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

“ಇಯರ್‌ಫೋನ್ ಹಾಕ್ಕೊಳ್ಳಲ್ವಾ?”

“ಕೆಲಸದಲ್ಲಿ ಆಗಲ್ಲ. ಬೆತ್ತ ಸೀಳಿಹೋಗೋ ಮೊದ್ಲು ಸಣ್ಣಗೆ ಸದ್ದು ಮಾಡುತ್ತೆ. ಕೇಳಿಸದಿದ್ರೆ ಬೆರಳಿಗೆ ನಾಟುತ್ತೆ.”

“ಪಾಸ್‌ವರ್ಡ್ ಒತ್ತುವಾಗ?”

“ಒಂದೊಂದು ಅಕ್ಷರಾನೂ ಹೇಳುತ್ತೆ. ಇಲ್ದಿದ್ರೆ ತಪ್ಪೋಗಲ್ವಾ?”

“ನಿನ್ನೆ ಓಟಿಪಿ ಓದ್ತಾ?”

“ಏನೋ ಓದ್ತು. ದಿನಾ ಇಂಥವು ಬರ್ತಾನೇ ಇರ್ತವೆ ಅಂತ ಸುಮ್ನಾದೆ.”

ಮೇಡಂ ಯಜಮಾನರ ಕಿವಿಯಲ್ಲಿ ಏನೋ ಉಸುರಿದರು. ಬಳಿಕ ತಮ್ಮ ಫೋನಿನಲ್ಲಿ ಏನೋ ಒತ್ತಿದರು. ಯಜಮಾನರ ಜೇಬು ಮತ್ತೆ ಪರ್ರೆಂದಿತು. ಯಜಮಾನರು ಅಲುಗಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡ. ಭಾವಮೈದುನ ಉಗುರು ಕಚ್ಚುತ್ತಲೇ ಇದ್ದ.

ಮಗ ಎರಡೂ ಕಾಲು ಮೇಲೆತ್ತಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದ.

“ಚೇಳಿಲ್ಲ, ಕಾಲು ಇಳಿಸು,” ಎಂದರು ಮೇಡಂ. “‘ಕುರ್ಚಿ ಕೆಳಗೆ ಚೇಳಿದೆ’ ಅಂತ ಕಳಿಸಿದ್ದು ನಾನೇ. ನಿಮ್ಮಪ್ಪನಿಗೆ ಅಲುಗಬೇಡಿ ಅಂತ ಮೊದಲೇ ಹೇಳಿದ್ದೆ.”

ಹುಡುಗ ಮೆಲ್ಲಗೆ ಕಾಲು ಇಳಿಸಿದ.

“ಫೋನ್ ಯಾರ ಕೈಗೆ ಸಿಕ್ಕಿತ್ತು ಅಂತ ನಾವೆಲ್ಲ ತಲೆ ಕೆಡಿಸ್ಕೊಂಡ್ವಿ,” ಮೇಡಂ ಮುಂದುವರಿಸಿದರು. “ಯಾರೂ ಮುಟ್ಟೋದೇ ಬೇಕಿರ್ಲಿಲ್ಲ. ಬ್ಯಾಂಕಿನ ಬೀಗ ಗಟ್ಟಿನೇ. ಆದ್ರೆ ಗುಟ್ಟೆಲ್ಲ ಈ ಫೋನೇ ಕೋಣೇಲಿ ಜೋರಾಗಿ ಹೇಳ್ತಿತ್ತು. ತಿಳಿಯೋ ಕಿವಿ ಒಂದು ಬೇಕಿತ್ತು ಅಷ್ಟೆ. ಚಿಕ್ಕಂದಿನಲ್ಲಿ ಇವನು ಎಲ್ಲಿ ಮಲಗ್ತಿದ್ದ ಯಜಮಾನ್ರೇ?”

“ನನ್ನ ಪಕ್ಕದಲ್ಲೇ. ನಾನು ಫೋನಲ್ಲಿ ಕಥೆ ಕೇಳ್ತಿದ್ದೆ, ಕೇಳ್ತಾ ಕೇಳ್ತಾ ಇವನಿಗೆ ನಿದ್ದೆ...” ಯಜಮಾನರ ಬೆರಳುಗಳು ನಿಂತವು.

“ಅಪ್ಪಾ, ರಾತ್ರಿಯೊಳಗೆ ದುಪ್ಪಟ್ಟಾಗುತ್ತೆ ಅಂದ್ರು ಸೈಟಿನವ್ರು,” ಮಗ ಬಿಕ್ಕಿದ. “ಬೆಳಗ್ಗೆ ವಾಪಸ್ ಹಾಕೋಣ, ಅಮ್ಮನಿಗೂ ಆಗುತ್ತೆ, ನಿನಗೂ ಒಂದಿಷ್ಟು ಉಳಿಯುತ್ತೆ ಅನ್ಕೊಂಡೆ. ಬೆಳಗ್ಗೆ ಎದ್ದು ನೋಡಿದ್ರೆ ಆ ಸೈಟೇ ಇರ್ಲಿಲ್ಲ.”

ಮೇಡಂ ಅಧಿಕಾರಿಯತ್ತ ನೋಡಿದರು. ಅವನು ತಲೆ ತಗ್ಗಿಸಿದ. “ಅಲ್ಲಿಗೆ ಹೋದ ಹಣ ನಮ್ಮ ಕೈಲಿಲ್ಲ.”

ಹೊರಗೆ ಬೀದಿದೀಪ ಹತ್ತಿಕೊಂಡಿತು. ಜೇಬು ಇನ್ನೊಮ್ಮೆ ಪರ್ರೆಂದಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮಗ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

“ಏನಂತೆ?” ನಾನು ಕೇಳಿದೆ.

“ಆಸ್ಪತ್ರೆಯಿಂದ,” ಎಂದ ಮಗ. “ಅಮ್ಮನ ಸರದಿ ಬೇರೆಯವರಿಗೆ ಕೊಟ್ರಂತೆ.”

ಯಜಮಾನರು ಮಗನ ದನಿ ಬಂದತ್ತ ಮುಖ ತಿರುಗಿಸಿದರು.

“ನಿಧಾನವಾಗಿ ಹೇಳಪ್ಪ,” ಎಂದರು. “ನನಗೆ ತಿಳೀಲಿಲ್ಲ.”